ಲಾಪಿಸ್ ಬಟ್ಟಲು, ಜೇಡ್ ಹೂದಾನಿ, ಮಾವನವರ ನೀಲಿ ತಟ್ಟೆ: ಇವು ಕಲ್ಲಾ, ಪಿಂಗಾಣಿನಾ?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಹೊಸ ಮನೆಯ ಶೋಕೇಸಿಗೆ ಅಂತ ಒಂದು ಅಂಗಡಿಯಲ್ಲಿ ನೀಲಿ ಬಟ್ಟಲು, ತಿಳಿಹಸಿರು ಹೂದಾನಿ ತಗೊಂಡೆವು. ಬಟ್ಟಲು ಲಾಪಿಸ್ ಲಾಜುಲಿ, ಹೂದಾನಿ ಜೇಡ್ ಕಲ್ಲು ಅಂದರು. ಬಿಲ್ಲಿನಲ್ಲೂ ಹಾಗೇ ಬರೆದಿದ್ದಾರೆ. ಮೈದುನ ನೋಡಿ "ಇದು ಬರೀ ಪಿಂಗಾಣಿ ಅತ್ತಿಗೆ, ನಿಮಗೆ ಟೋಪಿ ಹಾಕಿದ್ದಾರೆ" ಅಂತಾನೆ. ಮಾವನವರ ಕಾಲದ ಒಂದು ಚಿಕ್ಕ ನೀಲಿ ತಟ್ಟೆಯೂ ಇದೆ. ಮೇಲೆ ಬಿಳಿ ಗೊಂಬೆಗಳು, ಹಿಂದೆ ವೆಜ್‌ವುಡ್, ಇಂಗ್ಲೆಂಡ್ ಅಂತ ಇಂಗ್ಲಿಷ್ ಅಕ್ಷರ ಒತ್ತಿದೆ. ಅದಾದರೂ ಕಲ್ಲೇ? ಸೂಜಿಯಲ್ಲಿ ಗೀರಿ ನೋಡಲಾ? ಮೂರರ ಫೋಟೊ ಕಳಿಸಿದ್ದೇನೆ.

ಉತ್ತರ: ಮೇಡಂ, ಮೊದಲು ಆ ಸೂಜಿ ಎತ್ತಿಡಿ. ಗೀರಿದರೆ ಏನೂ ಗೊತ್ತಾಗಲ್ಲ, ವಸ್ತು ಮಾತ್ರ ಹಾಳಾಗುತ್ತೆ. ಕಲ್ಲಿನ ಗಡಸುತನ ಅಳೆಯೋಕೆ 1ರಿಂದ 10ರವರೆಗೆ ಒಂದು ಮಾಪಕ ಇದೆ, ಮೋಸ್ ಮಾಪಕ ಅಂತಾರೆ. ಅದರಲ್ಲಿ ಲಾಪಿಸ್ ಬರೋದು 5ರಿಂದ 6ರ ನಡುವೆ. ಪಿಂಗಾಣಿ ಮೇಲಿನ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಪದರ, ಅದೂ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ, ಉಕ್ಕಿನ ಸೂಜಿಯೂ ಅದರ ಆಸುಪಾಸಿನಲ್ಲೇ. ನಿಜವಾದ ಲಾಪಿಸ್‌ಗೆ ಗೀರು ಬಿದ್ದು, ನಕಲಿಗೆ ಬೀಳದೇ ಇರಬಹುದು. ಆಮೇಲೆ ಅಂಗಡಿಯವರು "ನೀವೇ ಗೀರಿದ್ದೀರಿ, ವಾಪಸ್ ತಗೊಳ್ಳಲ್ಲ" ಅಂದರೆ ಏನು ಮಾಡ್ತೀರಿ?

ಫೋಟೊ ನೋಡಿ ನೇರವಾಗಿ ಹೇಳ್ತೀನಿ. ಮೂರೂ ಕಲ್ಲಲ್ಲ. ಮೂರೂ ಗೂಡಿನಲ್ಲಿ ಸುಟ್ಟ ಮಣ್ಣು. ಹಾಗಂತ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಟ್ಟಲನ್ನು ವಾಪಸ್ ಕೊಡಿ. ಹೂದಾನಿ ಒಳ್ಳೆಯ ಕೆಲಸ, ಪಿಂಗಾಣಿಯ ಬೆಲೆಗೆ ಇಳಿಸಿಕೊಟ್ಟರೆ ಇಟ್ಟುಕೊಳ್ಳಿ. ಮಾವನವರ ತಟ್ಟೆಯನ್ನು ಯಾರು ಎಷ್ಟು ಕೊಡ್ತೀನಿ ಅಂದರೂ ಅವಸರದಲ್ಲಿ ಮಾರಬೇಡಿ.

ನಿಮ್ಮ ಮೈದುನ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಟೋಪಿ ಹಾಕಿದ್ದು ನಿಜ. ಆದರೆ "ಬರೀ ಪಿಂಗಾಣಿ" ಅನ್ನೋ ಮಾತು ನನಗೆ ಹಿಡಿಸಲಿಲ್ಲ. ಮಣ್ಣನ್ನು ಬೆಲೆಬಾಳುವ ಕಲ್ಲಿನಂತೆ ಕಾಣಿಸೋದು ಮೋಸದ ಕಸುಬಲ್ಲ. 5,000 ವರ್ಷಕ್ಕೂ ಹಳೆಯ, ತುಂಬಾ ಕಷ್ಟದ ವಿದ್ಯೆ ಅದು. ಮೋಸ ನಡೆದಿರೋದು ಬಿಲ್ಲಿನಲ್ಲಿ, ಗೂಡಿನಲ್ಲಲ್ಲ. ಈ ವ್ಯತ್ಯಾಸ ಇಟ್ಟುಕೊಂಡೇ ಮುಂದಿನದು ಓದಿ.

ಈಜಿಪ್ಟಿನವರಿಗೆ ನೀಲಿ ಕಲ್ಲು ಅಂದರೆ ಪ್ರಾಣ. ಫಿರೋಜಾ ಕಲ್ಲು ಸಿನಾಯ್ ಕಡೆಯ ಗಣಿಯಿಂದ ಬರಬೇಕು. ಲಾಪಿಸ್ ಅಂತೂ ಈಗಿನ ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ಕತ್ತೆ, ದೋಣಿ ಎಲ್ಲ ದಾಟಿ ಬರಬೇಕು. ಅದಕ್ಕೇ ಅವರು ಫಯಾನ್ಸ್ ಅನ್ನೋದನ್ನು ಮಾಡಿದರು. ಇದರಲ್ಲಿ ಜೇಡಿಮಣ್ಣು ಇಲ್ಲವೇ ಇಲ್ಲ ಅನ್ನಬಹುದು. ಬೆಣಚುಕಲ್ಲಿನ ನುಣ್ಣನೆಯ ಪುಡಿ, ಸ್ವಲ್ಪ ಸುಣ್ಣ, ಸೋಡಾದಂಥ ಕ್ಷಾರ, ಜೊತೆಗೆ ಚೂರು ತಾಮ್ರ. ಇದನ್ನು ಕಲಸಿ, ಮಣಿಯೋ ಗೊಂಬೆಯೋ ಮಾಡಿ ಒಣಗೋಕೆ ಬಿಟ್ಟರೆ ನೀರು ಆರುತ್ತಾ ಆರುತ್ತಾ ಒಳಗಿನ ಕ್ಷಾರ ಮೇಲಕ್ಕೆ ಬಂದು ಬಿಳಿ ಪುಡಿಯಾಗಿ ಮೈಮೇಲೆ ಕೂರುತ್ತೆ. ನಮ್ಮ ಚೌಳು ನೆಲದಲ್ಲಿ ಬೇಸಿಗೆಗೆ ಉಪ್ಪು ಮೇಲೇಳುತ್ತಲ್ಲ, ಹಾಗೇ. ಆ ಬಿಳಿ ಪದರವೇ ಬೆಂಕಿಯಲ್ಲಿ ಕರಗಿ ಹೊಳೆಯುವ ನೀಲಿ ಗ್ಲೇಜ್ ಆಗುತ್ತೆ. ಯಾರೂ ಮೇಲಿಂದ ಬಳಿಯಬೇಕಾಗಿಲ್ಲ. ಕಲ್ಲನ್ನೇ ಪುಡಿ ಮಾಡಿ ಇನ್ನೊಂದು ಕಲ್ಲಿನ ಬಣ್ಣ ಬರಿಸಿದ್ದಾರೆ, ನನಗಂತೂ ಇದು ಇವತ್ತಿಗೂ ಬೆರಗು. ಜೈಪುರದ ನೀಲಿ ಪಾತ್ರೆ ನೋಡಿದ್ದೀರಲ್ಲ? ಅದೂ ಈ ಜಾತಿಯದೇ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ ಸೇರಿಸಿ ಮಾಡ್ತಾರೆ, ಕಡಿಮೆ ಶಾಖದಲ್ಲಿ ಸುಡ್ತಾರೆ.

ಮೆಸಪೊಟೇಮಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ. ಕುಲುಮೆಯಲ್ಲಿ ಮಾಡಿದ ನೀಲಿ ಗಾಜನ್ನು "ಗೂಡಿನ ಲಾಪಿಸ್" ಅಂತ, ಗಣಿಯದನ್ನು "ಬೆಟ್ಟದ ಲಾಪಿಸ್" ಅಂತ ತಮ್ಮ ಮಣ್ಣಿನ ಹಲಗೆಗಳಲ್ಲಿ ಬೇರೆ ಬೇರೆಯಾಗೇ ಬರೆದಿದ್ದಾರೆ. 3,000 ವರ್ಷಕ್ಕೂ ಹಿಂದೆ ಅವರು ಹಾಗೆ ಬರೆಯಬಹುದಾದರೆ ನಿಮ್ಮ ಅಂಗಡಿಯವರಿಗೆ ಬಿಲ್ಲಿನಲ್ಲಿ ಸರಿಯಾಗಿ ಬರೆಯೋಕೆ ಏನು ಕಷ್ಟ? ಎರಡನೇ ನೆಬುಕದ್ನೆಜರ್ ದೊರೆಯ ಕಾಲದ ಬ್ಯಾಬಿಲಾನ್ ನಗರದ ಇಷ್ತಾರ್ ದ್ವಾರ, ಈಗ ಬರ್ಲಿನ್ನಿನ ಪೆರ್ಗಮಾನ್ ಮ್ಯೂಸಿಯಂನಲ್ಲಿರೋದು, ಇಡೀ ಗೋಡೆಯೇ ಲಾಪಿಸ್ ಬಣ್ಣದ ಗ್ಲೇಜ್ ಇಟ್ಟಿಗೆ. ಅದನ್ನು ಯಾರೂ ಬರೀ ಇಟ್ಟಿಗೆ ಅನ್ನಲ್ಲ.

ನಮ್ಮ ಕಡೆಯದೂ ಹೇಳಬೇಕು. ಹರಪ್ಪದಲ್ಲಿ ಉದ್ದನೆಯ ಕೆಂಪು ಕಾರ್ನೀಲಿಯನ್ ಮಣಿಗಳಿಗೆ ಭಾರಿ ಬೆಲೆ. ಅಷ್ಟು ಉದ್ದದ ಕಲ್ಲಿಗೆ ತೂತು ಕೊರೆಯೋದೇ ದಿನಗಟ್ಟಲೆ ಕೆಲಸ. ಅದನ್ನು ಕೊಳ್ಳೋಕೆ ಆಗದವರು ಸುಟ್ಟ ಮಣ್ಣಿನಲ್ಲಿ ಅದೇ ಆಕಾರದ ಮಣಿ ಮಾಡಿ ಕೆಂಪು ಬಳಿದು ಹಾಕಿಕೊಂಡರು. ಅಂಥ ಮಣಿಗಳು ಅಗೆತದಲ್ಲಿ ಸಿಕ್ಕಿವೆ.

ಈಗ ಪರೀಕ್ಷೆಗೆ ಬರೋಣ. ನೀವು ಕಳಿಸಿದ ಫೋಟೊಗಳಲ್ಲಿ ಮೂರೂ ವಸ್ತು ಮುಂಭಾಗ ತೋರಿಸಿಕೊಂಡು ನಿಂತಿವೆ. ತಟ್ಟೆಯದು ಮಾತ್ರ ಹಿಂಭಾಗ ಇದೆ. ನಾನು ಯಾವ ವಸ್ತು ಕೈಗೆ ಬಂದರೂ ಮೊದಲು ಮಗುಚಿ ತಳ ನೋಡ್ತೀನಿ. ಯಾಕೆ ಅಂದರೆ ಕಲ್ಲಿಗೆ ತಳ ಬೇರೆ, ಮೈ ಬೇರೆ ಅಂತ ಇಲ್ಲ. ಕಲ್ಲಿನ ಬಟ್ಟಲನ್ನು ಒಂದೇ ಗಟ್ಟಿಯಿಂದ ಕೊರೆದು, ಉಜ್ಜಿ, ಹೊಳಪು ಕೊಡ್ತಾರೆ. ತಳವೂ ಅದೇ ಬಣ್ಣ, ಅದೇ ಗೆರೆ. ಗ್ಲೇಜ್ ಹಾಕಿದ ವಸ್ತು ಗೂಡಿನೊಳಗೆ ಯಾವುದಾದರೂ ಹಲಗೆ ಮೇಲೆ ನಿಲ್ಲಲೇಬೇಕು. ನಿಂತ ಜಾಗದಲ್ಲಿ ಗ್ಲೇಜ್ ಇದ್ದರೆ ಅದು ಕರಗಿ ಹಲಗೆಗೆ ಅಂಟಿಕೊಳ್ಳುತ್ತೆ, ತೆಗೆಯೋಕೆ ಬರಲ್ಲ. ಅದಕ್ಕೆ ತಳದ ಉಂಗುರದಲ್ಲಿ ಗ್ಲೇಜ್ ಒರೆಸಿಬಿಡ್ತಾರೆ. ಇಲ್ಲವೇ ಮೂರು ಚೂಪು ಮೊಳೆಯಂಥ ಸ್ಟ್ಯಾಂಡಿನ ಮೇಲೆ ಇಡ್ತಾರೆ, ಆಗ ತಳದಲ್ಲಿ ಮೂರು ಸಣ್ಣ ಚುಕ್ಕಿ ಗಾಯ ಉಳಿಯುತ್ತೆ. ನಿಮ್ಮ ಬಟ್ಟಲ ತಳದಲ್ಲಿ ಬೆರಳು ಆಡಿಸಿ. ಬಿಳಿ ಅಥವಾ ಮಾಸಲು ಬಣ್ಣದ ಒರಟು ಉಂಗುರ ಸಿಕ್ಕರೆ ವಿಷಯ ಮುಗೀತು. ಆ ಉಂಗುರಕ್ಕೆ ಒಂದು ಹನಿ ನೀರು ಬಿಡಿ. ಕಡಿಮೆ ಶಾಖದಲ್ಲಿ ಸುಟ್ಟಿದ್ದರೆ ಹೀರಿಕೊಳ್ಳುತ್ತೆ. ಚೆನ್ನಾಗಿ ಸುಟ್ಟ ಪಿಂಗಾಣಿ ಹೀರಲ್ಲ, ಹಾಗಾಗಿ ಹೀರದಿದ್ದರೆ ಕಲ್ಲು ಅಂದುಕೊಳ್ಳಬೇಡಿ. ಕೆಲವರು ತಳಕ್ಕೆ ವೆಲ್ವೆಟ್ ಬಟ್ಟೆಯೋ ಫೆಲ್ಟೋ ಅಂಟಿಸಿರ್ತಾರೆ. ಹಾಗಿದ್ದರೆ ನನಗೆ ಅನುಮಾನ ಜಾಸ್ತಿಯಾಗುತ್ತೆ.

ಎರಡನೇದು ಗೆರೆ. ಚಿತ್ರದುರ್ಗದ ಕೋಟೆಗೆ ಬಂದಾಗ ಬಾಗಿಲ ಹತ್ತಿರದ ದಪ್ಪ ಕಲ್ಲಿನ ಒಂದು ಮೂಲೆ ನೋಡಿ. ಮೇಲಿನ ಮುಖದಲ್ಲಿ ಓಡೋ ಬಿಳಿ ಪಟ್ಟಿ ಮೂಲೆಗೆ ಬಂದು ಪಕ್ಕದ ಮುಖದಲ್ಲೂ ಇಳಿದು ಮುಂದುವರಿಯುತ್ತೆ, ಯಾಕೆಂದರೆ ಅದು ಮೈಮೇಲಿನ ಗೆರೆಯಲ್ಲ, ಕಲ್ಲಿನ ಒಳಗೆ ಹಾಸಿದ ಪದರ. ಅಷ್ಟು ದೂರ ಯಾಕೆ, ನಿಮ್ಮ ಅಡುಗೆಮನೆ ಕಟ್ಟೆಯ ಗ್ರಾನೈಟ್ ಅಂಚು ನೋಡಿ, ಆಮೇಲೆ ಮಾರ್ಬಲ್ ಡಿಸೈನಿನ ಟೈಲ್ಸ್ ತುಂಡಿನ ಅಂಚು ನೋಡಿ. ಟೈಲಿನಲ್ಲಿ ಗೆರೆ ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಂತಿರುತ್ತೆ, ಒಳಗೆ ಒಂದೇ ಬಣ್ಣದ ಮಣ್ಣು. ನಿಮ್ಮ ಬಟ್ಟಲ ಅಂಚಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಹೊರಗಿನ ಬಿಳಿ ಗೆರೆಗಳು ಒಳಮೈಗೆ ದಾಟಿಲ್ಲ. ಹೊರಗಿನ ಚಿತ್ರ ಬೇರೆ, ಒಳಗಿನದು ಬೇರೆ.

ಇನ್ನು ಬಂಗಾರದ ಚುಕ್ಕಿ. ನಿಜವಾದ ಲಾಪಿಸ್‌ನಲ್ಲಿ ಹೊಳೆಯೋದು ಪೈರೈಟ್ ಅನ್ನೋ ಖನಿಜ. ಅದು ಮೂಲೆ ಮೂಲೆ ಇರೋ ಚೂರುಗಳಾಗಿ, ಕಲ್ಲಿನೊಳಗೆ ಹುದುಗಿ, ಎಲ್ಲೋ ಗುಂಪಾಗಿ ಎಲ್ಲೋ ಇಲ್ಲದೆ ಇರುತ್ತೆ. ನಿಮ್ಮದರಲ್ಲಿ ಎಲ್ಲಾ ಚುಕ್ಕಿ ದುಂಡಗೆ, ಸಮನಾಗಿ ಹರಡಿವೆ, ಮತ್ತು ಗ್ಲೇಜ್ ಮೇಲೆ ಕೂತಿವೆ. ಬ್ರಷ್ಷಿನಿಂದ ಸಿಡಿಸಿದ ಬಂಗಾರದ ಬಣ್ಣ ಅದು. ನೀಲಿ ಬಂದಿರೋದು ಕೋಬಾಲ್ಟ್‌ನಿಂದ. ಗ್ಲೇಜಿಗೆ ಶೇಕಡಾ ಒಂದರಷ್ಟು ಕೋಬಾಲ್ಟ್ ಆಕ್ಸೈಡ್ ಹಾಕಿದರೂ ಕಡುನೀಲಿ ಬಂದುಬಿಡುತ್ತೆ, ಅಷ್ಟು ಜೋರು ಬಣ್ಣ. ಈ ಬಟ್ಟಲಲ್ಲಿ ನನಗೆ ಮನಸ್ಸಿಗೆ ಬಂದ ಕೆಲಸ ಏನೂ ಕಾಣಲಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದದ್ದು, ಪಕ್ಕದಲ್ಲಿ ಅಚ್ಚು ಕೂಡಿದ ಸಣ್ಣ ಏಣು ಕೂಡ ಹಾಗೇ ಇದೆ.

ಹೂದಾನಿ ವಿಷಯಕ್ಕೆ ಬಂದರೆ ನನಗೆ ಖುಷಿಯಾಗುತ್ತೆ. ಅದು ಸೆಲಡಾನ್, ಅಂದರೆ ಜೇಡ್‌ನಂಥ ಹಸಿರು ಗ್ಲೇಜ್ ಕೊಟ್ಟ ಪಿಂಗಾಣಿ. ಚೀನಾದಲ್ಲಿ ಜೇಡ್ ಕಲ್ಲಿಗೆ ಬಂಗಾರಕ್ಕಿಂತ ಹೆಚ್ಚು ಮರ್ಯಾದೆ. ಆ ಕಲ್ಲಿನ ತಂಪು, ಒಳಗೆ ಬೆಳಕು ನಿಂತ ಹಾಗಿನ ಹಸಿರು ಮಣ್ಣಿನಲ್ಲಿ ಬರಲಿ ಅಂತ ಅಲ್ಲಿನ ಕುಂಬಾರರು ನೂರಾರು ವರ್ಷ ದುಡಿದಿದ್ದಾರೆ. 8ನೇ ಶತಮಾನದಲ್ಲಿ ಲು ಯು ಅನ್ನುವವರು ಚಹಾದ ಬಗ್ಗೆ ಬರೆದ ಗ್ರಂಥದಲ್ಲಿ ಯುಯೆ ಊರಿನ ಹಸಿರು ಬಟ್ಟಲುಗಳನ್ನು ಜೇಡ್‌ಗೆ ಹೋಲಿಸಿ ಹೊಗಳಿದ್ದಾರೆ. ಆಮೇಲೆ ಸಾಂಗ್ ಅರಸರ ಕಾಲಕ್ಕೆ ಲಾಂಗ್‌ಚುವಾನ್ ಗೂಡುಗಳಲ್ಲಿ ಅದು ಪರಾಕಾಷ್ಠೆಗೆ ಹೋಯಿತು. ಗ್ಲೇಜನ್ನು ಪದರದ ಮೇಲೆ ಪದರ ದಪ್ಪಗೆ ಕೊಡ್ತಿದ್ದರು. ಅದರೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಬೆಳಕನ್ನು ಚದುರಿಸೋದರಿಂದ ಆ ಮೆತ್ತನೆಯ ಹೊಳಪು ಬರುತ್ತೆ.

ಬಣ್ಣ ಕೊಡೋದು ಏನು ಗೊತ್ತಾ? ಕಬ್ಬಿಣ. ನಮ್ಮ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳನ್ನೆಲ್ಲ ಕೆಂಪಗೆ ಮಾಡಿರೋ ಅದೇ ಕಬ್ಬಿಣ. ಗ್ಲೇಜಿನಲ್ಲಿ ಶೇಕಡಾ 1ರಿಂದ 3ರಷ್ಟು ಇದ್ದರೆ ಸಾಕು. ಗೂಡಿಗೆ ಗಾಳಿ ಧಾರಾಳವಾಗಿ ಹೋದರೆ ಜೇನಿನ ಬಣ್ಣವೋ ಹಳದಿಯೋ ಆಗುತ್ತೆ. ಗಾಳಿ ಕಟ್ಟಿ, ಹೊಗೆ ತುಂಬಿಸಿ ಸುಟ್ಟರೆ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಗ್ಲೇಜಿನೊಳಗಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತೆ, ಆಗ ಹಸಿರು. ಸ್ವಲ್ಪ ಗಾಳಿ ಹೆಚ್ಚುಕಮ್ಮಿಯಾದರೂ ಇಡೀ ಗೂಡಿನ ಮಾಲು ಕೆಟ್ಟಿತು ಅಂತ ಲೆಕ್ಕ. ತಾಮ್ರವೂ ಹೀಗೇ ಆಟ ಆಡಿಸುತ್ತೆ. ನಮ್ಮ ಇಂಗಳದಾಳದ ಗಣಿಯಲ್ಲಿ ತೆಗೆಯುತ್ತಿದ್ದರಲ್ಲ ಆ ತಾಮ್ರ, ಕ್ಷಾರ ಜಾಸ್ತಿ ಇರೋ ಗ್ಲೇಜಿನಲ್ಲಿ ಫಿರೋಜಾ ನೀಲಿ, ಸೀಸದ ಗ್ಲೇಜಿನಲ್ಲಿ ಎಲೆಹಸಿರು, ಗಾಳಿ ಕಟ್ಟಿ ಸುಟ್ಟರೆ ರಕ್ತದ ಕೆಂಪು. ಮ್ಯಾಂಗನೀಸ್ ಅದಿರೂ ಈ ಜಿಲ್ಲೆಯಲ್ಲಿದೆ, ಅದರಿಂದ ನೇರಳೆ, ಕಂದು. ಪಿಂಗಾಣಿ ಬಣ್ಣಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಾಲಕೆಳಗೇ ಇದೆ ಅಂತ ನಾನು ಮಕ್ಕಳಿಗೆ ಹೇಳ್ತಿರ್ತೀನಿ.

ನಿಮ್ಮ ಹೂದಾನಿಯಲ್ಲಿ ಕೆತ್ತಿದ ತಾವರೆ ದಳದ ತಗ್ಗುಗಳಲ್ಲಿ ಹಸಿರು ಗಾಢವಾಗಿದೆ, ಉಬ್ಬಿದ ಏಣುಗಳಲ್ಲಿ ತೆಳುವಾಗಿ ಬಿಳಿಚಿಕೊಂಡಿದೆ. ಕರಗಿದ ಗ್ಲೇಜ್ ತಗ್ಗಿಗೆ ಹರಿದು ನಿಂತದ್ದರ ಗುರುತು ಅದು. ಕಲ್ಲಿನಲ್ಲಿ ಬಣ್ಣ ಹೀಗೆ ತಗ್ಗು ಹುಡುಕಿಕೊಂಡು ಹೋಗಲ್ಲ. ಚಿನಿವಾರರ ಹತ್ತಿರ ಇರೋ ಹತ್ತು ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ತಗೊಂಡು ನೋಡಿದರೆ ದುಂಡನೆಯ ಗುಳ್ಳೆಗಳೂ ಕಾಣ್ತಾವೆ. ಜೇಡ್‌ನಲ್ಲಿ, ಲಾಪಿಸ್‌ನಲ್ಲಿ ದುಂಡು ಗುಳ್ಳೆ ಇರೋಕೆ ಸಾಧ್ಯವೇ ಇಲ್ಲ. ದಳಗಳ ಅಂಚು ಚಾಕುವಿನಲ್ಲಿ ಕೈಯಾರೆ ತೆಗೆದದ್ದು, ಒಂದರ ಹಾಗೆ ಇನ್ನೊಂದಿಲ್ಲ. ಇದನ್ನು ಮಾಡಿದವರಿಗೆ ಕೆಲಸ ಗೊತ್ತು.

ಇಷ್ಟಾದ ಮೇಲೂ ಅನುಮಾನ ಉಳಿದರೆ, ಅಥವಾ ಅಂಗಡಿಯವರ ಮುಂದೆ ಇಡೋಕೆ ಒಂದು ಲೆಕ್ಕ ಬೇಕು ಅಂದರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ವಸ್ತುವನ್ನು ಹಾಗೇ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ಗಟ್ಟಿ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗೋ ಹಾಗೆ ನೀರಿಗೆ ಇಳಿಬಿಡಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಒಳಗೆ ಗಾಳಿ ನಿಲ್ಲಬಾರದು. ಆಗ ತಕ್ಕಡಿ ತೋರಿಸೋ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. ಉದಾಹರಣೆಗೆ ಬಟ್ಟಲು 600 ಗ್ರಾಂ, ನೀರಿನಲ್ಲಿ 250 ಬಂತು ಅನ್ನಿ. 600 ಭಾಗಿಸು 250, ಅಂದರೆ 2.4. ಪಿಂಗಾಣಿ ಸಾಮಾನ್ಯವಾಗಿ 2.3ರಿಂದ 2.5ರ ಹತ್ತಿರ ಬರುತ್ತೆ. ಲಾಪಿಸ್ ಆಗಿದ್ದರೆ 2.7ರಿಂದ 2.9. ಜೇಡ್‌ನಲ್ಲಿ ಎರಡು ಜಾತಿ: ನೆಫ್ರೈಟ್ ಸುಮಾರು 3, ಜೇಡೈಟ್ ಸುಮಾರು 3.3. 1.2ರ ಹತ್ತಿರ ಬಂದರೆ ಅದು ಪ್ಲಾಸ್ಟಿಕ್ಕಿನ ಜಾತಿಯ ರೆಸಿನ್. ಈ ಪರೀಕ್ಷೆ ಎಲ್ಲಾ ಕಲ್ಲಿಗೂ ನಡೆಯಲ್ಲ. ಅಗೇಟ್ 2.6ರ ಆಸುಪಾಸು ಬರುತ್ತೆ, ಪಿಂಗಾಣಿಗೆ ತೀರಾ ಹತ್ತಿರ. ಬಣ್ಣ ಹಾಕಿದ ಹೌಲೈಟ್ ಕಲ್ಲೂ ಗೊಂದಲ ಮಾಡುತ್ತೆ. ಆದರೆ ನಿಮ್ಮ ಎರಡು ವಸ್ತುಗಳಿಗೆ ಇದು ಸಾಕು. "ಮುಟ್ಟಿದರೆ ತಣ್ಣಗಿದೆ, ಹಾಗಾಗಿ ಕಲ್ಲು" ಅನ್ನೋದನ್ನು ಮಾತ್ರ ನಂಬಬೇಡಿ, ಪಿಂಗಾಣಿಯೂ ತಣ್ಣಗೇ ಇರುತ್ತೆ.

ತಟ್ಟೆಗೆ ಈ ತೂಕದ ಪರೀಕ್ಷೆ ಮಾಡಬೇಡಿ. ಅದು ಜಾಸ್ಪರ್‌ವೇರ್ ಅನ್ನೋ, ಗ್ಲೇಜ್ ಇಲ್ಲದ ಸುಟ್ಟ ಮಣ್ಣು. ಅದರ ಮಣ್ಣಿನಲ್ಲಿ ಬೇರಿಯಂ ಸಲ್ಫೇಟ್ ಅರ್ಧಕ್ಕಿಂತ ಜಾಸ್ತಿ ಇರ್ತಿತ್ತು, ಆ ಖನಿಜ ಬಹಳ ಭಾರ, ಲೆಕ್ಕ ದಾರಿ ತಪ್ಪುತ್ತೆ. ಇಂಗ್ಲೆಂಡಿನ ಜೊಸಾಯ ವೆಜ್‌ವುಡ್ (1730–1795) ಇದನ್ನು ಕಂಡುಹಿಡಿದದ್ದು 1770ರ ದಶಕದಲ್ಲಿ, ಲೆಕ್ಕವಿಲ್ಲದಷ್ಟು ಸಲ ಮಣ್ಣು ಕಲಸಿ, ಸುಟ್ಟು, ಬರೆದಿಟ್ಟು. ಅದಕ್ಕೂ ಮೊದಲು ಅವರು ಅಗೇಟ್, ಪಾರ್ಫಿರಿ ಅನ್ನೋ ಕಲ್ಲುಗಳ ಥರ ಕಾಣೋ ಹೂದಾನಿಗಳನ್ನು ಮಾಡ್ತಿದ್ದರು. ಅಗೇಟ್ ಥರದ್ದರಲ್ಲಿ ಎರಡು ಬಗೆ. ಒಂದರಲ್ಲಿ ಬಣ್ಣ ಬರೀ ಮೇಲ್ಮೈಯಲ್ಲಿ. ಇನ್ನೊಂದರಲ್ಲಿ ಬಣ್ಣಬಣ್ಣದ ಮಣ್ಣುಗಳನ್ನೇ ಪದರ ಪದರವಾಗಿ ಒತ್ತಿ, ಕೊಯ್ದು, ಮತ್ತೆ ಒತ್ತಿ ಮಾಡ್ತಾರೆ. ಇಲ್ಲಿ ಗೆರೆ ಕಲ್ಲಿನ ಹಾಗೇ ಆರಪಾರ ಇರುತ್ತೆ, ನಾನು ಮೇಲೆ ಹೇಳಿದ ಅಂಚಿನ ಪರೀಕ್ಷೆಯನ್ನು ಗೆಲ್ಲೋ ಪಿಂಗಾಣಿ ಇದೊಂದೇ ಜಾತಿ. ಚೀನಾದ ಟಾಂಗ್ ಕಾಲದವರೂ ಇದನ್ನು ಮಾಡಿದ್ದಾರೆ.

ಜಾಸ್ಪರ್ ಅನುಕರಿಸೋದು ಕ್ಯಾಮಿಯೊ ಅನ್ನೋ ಕಲ್ಲಿನ ಕೆತ್ತನೆಯನ್ನು. ಓನಿಕ್ಸ್‌ನಂಥ ಕಲ್ಲಿನಲ್ಲಿ ಕಪ್ಪು ಪದರದ ಮೇಲೆ ಬಿಳಿ ಪದರ ಇರುತ್ತೆ. ಬಿಳಿಯಲ್ಲಿ ಗೊಂಬೆ ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯೋದು ರೋಮನ್ನರ ಕಲೆ. ವೆಜ್‌ವುಡ್ ಇದನ್ನೇ ತಿರುಗುಮುರುಗು ಮಾಡಿದರು. ಬಿಳಿ ಮಣ್ಣನ್ನು ಸಣ್ಣ ಅಚ್ಚಿಗೆ ಒತ್ತಿ ಗೊಂಬೆ ತೆಗೆದು, ನೀರು ಸವರಿ ನೀಲಿ ಮೈಗೆ ಅಂಟಿಸಿ, ಎರಡನ್ನೂ ಒಟ್ಟಿಗೆ ಸುಟ್ಟರು. ಎರಡು ಮಣ್ಣೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಗೊಂಬೆ ಬಿರುಕು ಬಿಟ್ಟು ಎದ್ದು ಬರುತ್ತೆ. ಇದು ಹೇಳಿದಷ್ಟು ಸುಲಭ ಅಲ್ಲ. ನಿಮ್ಮ ತಟ್ಟೆಯಲ್ಲಿ ಹೆಂಗಸಿನ ಸೆರಗಿನ ಭಾಗ ನೋಡಿ. ತೆಳುವಾದ ಕಡೆ ಬಿಳಿಯ ಅಡಿಯಿಂದ ನೀಲಿ ಸ್ವಲ್ಪ ಇಣುಕುತ್ತೆ, ಮಡಿಕೆ ದಪ್ಪಗಿರೋ ಕಡೆ ಅಚ್ಚ ಬಿಳಿ. ಬಣ್ಣ ಬಳಿಯದೆ, ಬರೀ ಮಣ್ಣಿನ ದಪ್ಪದಲ್ಲೇ ನೆರಳು ತಂದಿದ್ದಾರೆ. ಪೋರ್ಟ್‌ಲ್ಯಾಂಡ್ ವೇಸ್ ಅಂತ ರೋಮನ್ ಕಾಲದ ಗಾಜಿನ ಹೂದಾನಿ ಒಂದಿದೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ. ಅದರ ಪ್ರತಿಯನ್ನು ಜಾಸ್ಪರ್‌ನಲ್ಲಿ ಮಾಡೋಕೆ ಅವರಿಗೆ ವರ್ಷಗಳೇ ಹಿಡಿದವು. ಕೊನೆಗೆ 1790ರ ಸುಮಾರಿಗೆ ಜನರಿಗೆ ತೋರಿಸಿದರು.

ವೆಜ್‌ವುಡ್ ಹೆಸರಿನ ಜೊತೆ ಇಂಗ್ಲೆಂಡ್ ಅಂತ ಒತ್ತಿದ್ದರೆ ಅದು ಸುಮಾರು 1891ರ ನಂತರದ್ದು. ಅಮೆರಿಕದ ಸುಂಕದ ಕಾನೂನಿನಿಂದಾಗಿ ಆಗ ದೇಶದ ಹೆಸರು ಹಾಕೋದು ಶುರುವಾಯಿತು. ಹಾಗಾಗಿ ನಿಮ್ಮದು ಜೊಸಾಯ ಅವರ ಕಾಲದ್ದಲ್ಲ, ಲಕ್ಷಗಟ್ಟಲೆ ಬೆಲೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ ಹೆಸರೊತ್ತಿ, ತಾನು ಏನು ಅಂತ ಹೇಳಿಕೊಂಡು ಬಂದ ವಸ್ತು ಅದು. ಮೈಮೇಲೆ ಗ್ಲೇಜ್ ಇಲ್ಲ. ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಅರಿಶಿನ ಕುಂಕುಮ ಇಡೋಕೆ ಬಳಸಬೇಡಿ, ಕಲೆ ಹಿಡಿಯುತ್ತೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಸ್ಕ್ರಬ್ಬರ್ ಬೇಡವೇ ಬೇಡ.

ಬಟ್ಟಲು ಮನೆಯಲ್ಲಿರೋವರೆಗೂ ಅದರಲ್ಲಿ ಊಟದ ಪದಾರ್ಥ ಹಾಕಬೇಡಿ. ಅಲಂಕಾರದ ಗ್ಲೇಜುಗಳಲ್ಲಿ ಸೀಸ ಇರೋ ಸಾಧ್ಯತೆ ಇರುತ್ತೆ. ಉಪ್ಪಿನಕಾಯಿ, ಹುಣಸೆ, ಮೊಸರಿನ ಹುಳಿ ಅದನ್ನು ಬಿಡಿಸಿಕೊಂಡು ಬರುತ್ತೆ.

ಇನ್ನು ದುಡ್ಡಿನ ವಿಷಯ. ಬಿಲ್ಲಿನಲ್ಲಿ ಲಾಪಿಸ್, ಜೇಡ್ ಅಂತ ಬರೆದುಕೊಟ್ಟಿರೋದೇ ನಿಮ್ಮ ಕೈಯಲ್ಲಿರೋ ದೊಡ್ಡ ಬಲ. ಅದರ ಫೋಟೊ ತೆಗೆದಿಡಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ತಳದ ಫೋಟೊ, ತಕ್ಕಡಿಯ ಎರಡು ಸಂಖ್ಯೆ ತಗೊಂಡು ಹೋಗಿ ಸಮಾಧಾನವಾಗಿ ಮಾತಾಡಿ. ಅವರೂ ಯಾರೋ ಹೇಳಿದ್ದನ್ನು ನಂಬಿ ಮಾರಿರಬಹುದು, ಎಷ್ಟೋ ಅಂಗಡಿಯವರಿಗೆ ಮಾಲಿನ ಬಗ್ಗೆ ಗೊತ್ತಿರಲ್ಲ. ಒಪ್ಪದಿದ್ದರೆ ಬರವಣಿಗೆಯಲ್ಲಿ ಕೇಳಿ. ಅದಕ್ಕೂ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದೊಳಗಿನ ಮಾಲಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಹೂದಾನಿ ಇಟ್ಟುಕೊಳ್ಳೋದಾದರೆ ಹಳೇ ಬಿಲ್ಲು ರದ್ದು ಮಾಡಿಸಿ, "ಸೆಲಡಾನ್ ಪಿಂಗಾಣಿ" ಅಂತ ಹೊಸ ಬಿಲ್ಲು ಬರೆಸಿಕೊಳ್ಳಿ.